ಎಣಿಕೆಯ ಚಿತ್ರ: ನವಲಗುಂದದ ಜಮಖಾನೆಯಿಂದ ಗಣಕಯಂತ್ರದ ತೆರೆಯವರೆಗೆ

ಮನೆಗೆ ಬೀಗರು ಬಂದರೆಂದರೆ ನಮ್ಮ ಕಡೆಯಲ್ಲಿ ಮೊದಲಿನ ಉಪಚಾರವು ಜಮಖಾನೆಯನ್ನು ಹಾಸುವುದು. ನೀರು-ಬೆಲ್ಲಗಳು ಆಮೇಲಿನ ಮಾತು. ಮದುವೆಯ ಹಂದರದಲ್ಲಿ, ಪುರಾಣದ ಕಟ್ಟೆಯಲ್ಲಿ, ಕುಂದಗೋಳದ ನಾಡಿಗೇರ ವಾಡೆಯಂಥ ಸಂಗೀತದ ಮನೆಗಳಲ್ಲಿ ಕುಳಿತವರ ಕೆಳಗೆ ಜಮಖಾನೆ ಇದ್ದೇ ಇರುವುದು. ಆದರೆ ಅದರ ಮೇಲೆ ಕುಳಿತ ನಾವು ಅದನ್ನು ನೋಡುವುದು ಅಪರೂಪ. ಒಮ್ಮೆಯಾದರೂ ಬಗ್ಗಿ ನೋಡಿದವರಿಗೆ ಒಂದು ಸಂಗತಿಯು ಹೊಳೆಯದೆ ಇರಲಾರದು. ಅದರಲ್ಲಿಯ ನವಿಲಿಗೆ ಬಾಗಿದ ಕುತ್ತಿಗೆಯಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರಿದ ಕುತ್ತಿಗೆಯಿದೆ. ಹೂವಿಗೆ ದುಂಡಾದ ಎಸಳಿಲ್ಲ. ಚೌಕ ಚೌಕವಾಗಿ ಹರಡಿದ ಎಸಳಿದೆ. ಹೀಗಿದ್ದರೂ ನಾಲ್ಕು ಮಾರು ದೂರ ನಿಂತು ನೋಡಿದರೆ ಅದು ನವಿಲೇ, ಅದು ಹೂವೇ. ಕಣ್ಣು ಮೆಟ್ಟಿಲುಗಳನ್ನು ಮರೆತು ಬಾಗನ್ನು ಕಾಣುವುದು.

ಇದೇ ಸಂಗತಿಯು ಇಂದು ನಮ್ಮ ಮಕ್ಕಳ ಅಂಗೈಯಲ್ಲಿರುವ ದೂರವಾಣಿಯ ತೆರೆಯ ಮೇಲೆಯೂ ನಡೆದಿದೆ. ಅಲ್ಲಿಯ ಮುಖ, ಅಲ್ಲಿಯ ಅಕ್ಷರ, ಅಲ್ಲಿಯ ಭೂಪಟ ಎಲ್ಲವೂ ಚೌಕದ ಸಣ್ಣ ಚುಕ್ಕೆಗಳಿಂದ ಕೂಡಿದವು. ಆ ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. ಜಮಖಾನೆಯ ಚೌಕಕ್ಕೂ ತೆರೆಯ ಚುಕ್ಕೆಗೂ ಇರುವ ನಂಟನ್ನು ಇತಿಹಾಸಕ್ರಮದಲ್ಲಿ ತೋರಿಸಿ, ಆ ನಂಟಿನಿಂದ ನಮ್ಮ ಜಿಲ್ಲೆಯವರಿಗೆ ಒದಗಿರುವ ಒಂದು ಕರ್ತವ್ಯವನ್ನು ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶವು.

ಚಿತ್ರಗಳಲ್ಲಿ ಎರಡು ಕುಲಗಳುಂಟು. ಒಂದು ರೇಖೆಯ ಚಿತ್ರ. ಇನ್ನೊಂದು ಎಣಿಕೆಯ ಚಿತ್ರ. ಕುಂಚ ಹಿಡಿದವನ ಕೈ ಬೇಕಾದ ಕಡೆಗೆ ಬೇಕಾದಷ್ಟು ಬಾಗುವುದು; ಅವನ ಚಿತ್ರವು ರೇಖೆಯದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಚಿತ್ರವಿದ್ಯೆಗೆ ಒಂದು ಭಾಗವನ್ನೇ ಮೀಸಲಿಟ್ಟದ್ದು ಈ ಕುಲದ ಚಿತ್ರಕ್ಕಾಗಿ. ಅದೇ ವಂಶದ ನಾಲ್ಕನೆಯ ಸೋಮೇಶ್ವರನು ನಮ್ಮ ಅಣ್ಣಿಗೇರಿಯಲ್ಲಿ ನೆಲೆ ಮಾಡಿ ಆಳಿದನೆಂಬುದು ಈ ಸೀಮೆಯವರಿಗೆ ತಿಳಿದ ಮಾತು. ಅರಸರ ಶಾಸ್ತ್ರದಲ್ಲಿ ರೇಖೆಯ ಚಿತ್ರಕ್ಕೆ ದೊರೆತ ಸ್ಥಾನವು ಎಣಿಕೆಯ ಚಿತ್ರಕ್ಕೆ ದೊರೆಯಲಿಲ್ಲ. ಅದು ಮಗ್ಗದ ಮುಂದೆ, ಸೂಜಿಯ ತುದಿಯಲ್ಲಿ, ಹೆಣ್ಣುಮಕ್ಕಳ ನೆನಪಿನಲ್ಲಿ ಉಳಿದುಕೊಂಡು ಬಂದಿತು. ಅದನ್ನು ಬರೆದಿಟ್ಟವರಿಲ್ಲ, ಎಣಿಸಿದವರು ಮಾತ್ರ ಇದ್ದರು.

ಈಗ ನವಲಗುಂದಕ್ಕೆ ಬರೋಣ. ಹುಬ್ಬಳ್ಳಿಯಿಂದ ವಿಜಾಪುರಕ್ಕೆ ಹೋಗುವ ಹೆದ್ದಾರಿಯ ಮೇಲೆ, ಎರೆಯ ಹೊಲಗಳ ನಡುವೆ, ಗುಡ್ಡಕ್ಕೆ ಒತ್ತಿಕೊಂಡು ಈ ಊರಿದೆ. ನವಿಲುಗಳ ಗುಡ್ಡವೇ ನವಲಗುಂದವಾಯಿತೆಂದು ಜನರು ಹೇಳುವರು. ಇಲ್ಲಿಯ ಜಮಖಾನೆಯಲ್ಲಿ ನವಿಲು ಮತ್ತೆ ಮತ್ತೆ ಬರುವುದನ್ನು ಕಂಡರೆ ಆ ಮಾತಿಗೆ ಪುಷ್ಟಿ ಬಂದಂತಾಗುವುದು. ಸುತ್ತಲಿನ ಎರೆಭೂಮಿಯು ಹತ್ತಿಗೆ ಹೆಸರಾದುದು. ಆದುದರಿಂದ ನೂಲಿಗೆ ಇಲ್ಲಿ ಎಂದೂ ಬರವಿರಲಿಲ್ಲ. ಆದಿಲಶಾಹಿ ಅರಸರ ಕಾಲದಲ್ಲಿ ನೇಕಾರ ಕುಟುಂಬಗಳು ವಿಜಾಪುರದ ಕಡೆಯಿಂದ ಬಂದು ಇಲ್ಲಿ ನೆಲಸಿದುವೆಂಬುದು ಪರಂಪರೆಯ ಹೇಳಿಕೆ. ಇಂದಿಗೂ ಈ ಕೆಲಸವು ಮುಖ್ಯವಾಗಿ ಮುಸಲ್ಮಾನ ಮನೆತನಗಳ ಹೆಣ್ಣುಮಕ್ಕಳ ಕೈಯಲ್ಲಿದೆ. ಮನೆಯೊಳಗೆ ನೆಟ್ಟಗೆ ನಿಲ್ಲಿಸಿದ ಮಗ್ಗ. ಅದರ ಮುಂದೆ ಕುಳಿತ ತಾಯಂದಿರು. ಮನೆಗೆಲಸದ ನಡುವೆ ಬಿಡುವಾದಾಗ ಬೆಳೆಯುವ ಹಾಸು. ಕೂಡ್ರುವ ಜಮಖಾನೆ, ನಮಾಜಿಗಾಗಿ ಹಾಸುವ ಜಾನಮಾಜ್ ಇವೆರಡೂ ಇಲ್ಲಿ ಹುಟ್ಟುವವು. ಪಗಡೆಯ ಹಾಸಿನ ಆಕೃತಿಯೂ ಇವುಗಳ ನಡುವೆ ಕಾಣಿಸಿಕೊಳ್ಳುವುದು.

ನೇಯುವ ರೀತಿಯನ್ನು ತುಸು ವಿವರವಾಗಿ ಹೇಳುವುದು ಅವಶ್ಯ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳೇ ಹಾಸು. ಅವುಗಳನ್ನು ಒಂದು ಬಿಟ್ಟು ಒಂದರಂತೆ ದಾಟುತ್ತ ಅಡ್ಡಲಾಗಿ ಹೋಗುವ ಎಳೆಯೇ ಹೊಕ್ಕು. ಸೀರೆಯಲ್ಲಿ ಹಾಸು-ಹೊಕ್ಕುಗಳೆರಡೂ ಕಾಣಿಸುವವು. ಜಮಖಾನೆಯಲ್ಲಿ ಹಾಗಲ್ಲ. ಇಲ್ಲಿ ಹೊಕ್ಕಿನ ನೂಲು ದಪ್ಪವಾದುದು. ಪ್ರತಿಯೊಂದು ಸಾಲನ್ನೂ ಪಂಜದಿಂದ ಬಡಿಬಡಿದು ಕೂಡಿಸುವುದರಿಂದ ಹಾಸು ಪೂರ್ತಿಯಾಗಿ ಮುಚ್ಚಿಹೋಗುವುದು. ಆದುದರಿಂದ ಬಣ್ಣವೆಲ್ಲವೂ ಹೊಕ್ಕಿನದೇ. ಕೆಂಪು ನೂಲು ಅಂಚಿನಿಂದ ಅಂಚಿಗೆ ಹೋಗಲೇಬೇಕೆಂದಿಲ್ಲ. ಅದು ತನ್ನ ಪಾಲಿನ ಎಳೆಗಳಷ್ಟನ್ನೇ ದಾಟಿ ಹಿಂದಿರುಗುವುದು. ಮುಂದಿನ ಎಳೆಗಳನ್ನು ಹಳದಿಯದು ವಹಿಸಿಕೊಳ್ಳುವುದು. ಇಷ್ಟು ಹಾಸಿನ ಎಳೆ, ಇಷ್ಟು ಹೊಕ್ಕಿನ ಸಾಲು ಕೂಡಿದರೆ ಒಂದು ಮನೆ. ಪಗಡೆಯ ಮನೆ, ಚದುರಂಗದ ಮನೆ ಎನ್ನುವೆವಲ್ಲ, ಅದೇ ಮನೆ. ಒಂದು ಮನೆಗೆ ಒಂದೇ ಬಣ್ಣ. ಮನೆಯನ್ನು ಒಡೆದು ಅರ್ಧಕ್ಕೊಂದು ಬಣ್ಣ ತುಂಬಲು ಬಾರದು. ಆದುದರಿಂದಲೇ ಓರೆಯಾದ ಗೆರೆಯು ಮೆಟ್ಟಿಲಾಗುವುದು. ಜಮಖಾನೆಯ ಅಂದವೆಲ್ಲ ಈ ಕಟ್ಟಿನೊಳಗಿನಿಂದಲೇ ಹುಟ್ಟಿದುದು.

ಇದರ ಒಡಹುಟ್ಟಿದಂತಿರುವುದು ಧಾರವಾಡ ಸೀಮೆಯ ಕಸೂತಿ. ಇಳಕಲ್ಲ ಸೀರೆಯ ಮೇಲೆ, ಚಂದ್ರಕಾಳಿಯ ಕಪ್ಪಿನ ಮೇಲೆ, ಕುಪ್ಪಸದ ಕಣದ ಮೇಲೆ ಗೋಪುರ, ರಥ, ಆನೆ, ತುಳಸಿಯ ವೃಂದಾವನಗಳನ್ನು ನಮ್ಮ ಹಿರಿಯ ಹೆಣ್ಣುಮಕ್ಕಳು ತೆಗೆಯುತ್ತ ಬಂದಿರುವರು. ಬಟ್ಟೆಯ ಮೇಲೆ ಮೊದಲು ಬರೆದುಕೊಳ್ಳುವ ವಾಡಿಕೆಯಿಲ್ಲ. ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚುವರು. ಇದರಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಬಗೆ. ಗವಂತಿಯಲ್ಲಿ ಸೂಜಿಯು ಗೆರೆಯ ಗುಂಟ ಒಂದು ಎಡೆ ಬಿಟ್ಟು ಒಂದು ಎಡೆ ತುಂಬುತ್ತ ಹೋಗಿ, ಹಿಂದಿರುಗುವಾಗ ಬಿಟ್ಟ ಎಡೆಗಳನ್ನು ತುಂಬಿಕೊಳ್ಳುತ್ತ ಬರುವುದು. ಆದುದರಿಂದ ಮೇಲ್ಮೈ ಒಳಮೈಗಳೆರಡೂ ಒಂದೇ ಆಗಿ ಕಾಣುವವು. ಮುರ್ಗಿಯು ಅದೇ ನಡೆಯ ಮೆಟ್ಟಿಲು. ನೇಯ್ಗಿಯು ಹೆಸರಿಗೆ ತಕ್ಕಂತೆ ನೇಯ್ಗೆಯನ್ನು ಹೋಲುವುದು. ಮೆಂತೆಯಲ್ಲಿ ಸಣ್ಣ ಸಣ್ಣ ಗುಣಾಕಾರದ ಹೊಲಿಗೆಗಳು ಮನೆಗಳನ್ನು ತುಂಬುವವು. ಜಮಖಾನೆಯು ಸಾಲುಸಾಲಾಗಿ ತುಂಬುವ ಚಿತ್ರ. ಗವಂತಿಯು ಗೆರೆಯ ದಾರಿ ಹಿಡಿದು ನಡೆಯುವ ಚಿತ್ರ. ಎರಡಕ್ಕೂ ಆಧಾರವು ಎಣಿಕೆಯೇ. ಗಣಕಯಂತ್ರದ ಚಿತ್ರಶಾಸ್ತ್ರದಲ್ಲಿಯೂ ಇವೇ ಎರಡು ದಾರಿಗಳುಂಟೆಂಬುದನ್ನು ಮುಂದೆ ಕಾಣುವೆವು.

ಎಣಿಕೆಯನ್ನು ನೆನಪಿನಿಂದ ಹೊರಗೆ ತೆಗೆದು ಯಂತ್ರಕ್ಕೆ ಒಪ್ಪಿಸಿದ ಖ್ಯಾತಿಯು ಫ್ರಾನ್ಸ್ ದೇಶದ ಲಿಯಾನ್ ನಗರದ ಜೋಸೆಫ್ ಮರಿ ಜಾಕಾರ್ಡನಿಗೆ ಸಲ್ಲುವುದು. ೧೮೦೪ರ ಸುಮಾರಿಗೆ ಅವನು ರೂಪಿಸಿದ ಮಗ್ಗದಲ್ಲಿ ರಟ್ಟಿನ ಹಾಳೆಗಳಿಗೆ ತೂತುಗಳನ್ನು ಹೊಡೆದಿರುವರು. ತೂತಿದ್ದಲ್ಲಿ ಹಾಸಿನ ಎಳೆ ಏಳುವುದು, ಇಲ್ಲದಲ್ಲಿ ಏಳದು. ಒಂದು ಹಾಳೆಯೆಂದರೆ ಹೊಕ್ಕಿನ ಒಂದು ಸಾಲು. ೧೮೩೯ರಲ್ಲಿ ಜಾಕಾರ್ಡನ ಭಾವಚಿತ್ರವನ್ನೇ ರೇಶಿಮೆಯಲ್ಲಿ ನೇಯ್ದರು. ಅದಕ್ಕೆ ಸುಮಾರು ೨೪,೦೦೦ ಹಾಳೆಗಳು ಬೇಕಾದುವು. ಗಣಕಯಂತ್ರದ ಕಲ್ಪನೆಯನ್ನು ಮೊದಲು ಮಾಡಿದವರಲ್ಲೊಬ್ಬನಾದ ಇಂಗ್ಲಂಡದ ಚಾರ್ಲ್ಸ್ ಬ್ಯಾಬೇಜನು ಆ ಚಿತ್ರದ ಒಂದು ಪ್ರತಿಯನ್ನು ಸಂಪಾದಿಸಿ ಇಟ್ಟುಕೊಂಡಿದ್ದನು. ತನ್ನ ಯಂತ್ರಕ್ಕೂ ಅಂಥ ಹಾಳೆಗಳನ್ನೇ ಗೊತ್ತುಮಾಡಿದನು. ಹೀಗೆ ಗಣಕಯಂತ್ರದ ಹುಟ್ಟಿಗೂ ಮಗ್ಗಕ್ಕೂ ಇರುವ ಸಂಬಂಧವು ಕವಿಕಲ್ಪನೆಯಲ್ಲ, ಇತಿಹಾಸ.

ತರುವಾಯದ ಮುಖ್ಯ ವರ್ಷ ೧೯೫೭. ಅಮೇರಿಕೆಯ ರಾಷ್ಟ್ರೀಯ ಮಾಪನ ಸಂಸ್ಥೆಯಲ್ಲಿ ರಸೆಲ್ ಕರ್ಶ್ ಎಂಬವನು ತನ್ನ ಎಳೆಯ ಮಗನ ಛಾಯಾಚಿತ್ರವನ್ನು ಅಡ್ಡಕ್ಕೆ ೧೭೬, ಉದ್ದಕ್ಕೆ ೧೭೬ ಮನೆಗಳಾಗಿ ವಿಂಗಡಿಸಿ, ಒಂದೊಂದು ಮನೆಯ ಕಪ್ಪು-ಬಿಳುಪನ್ನು ಅಂಕೆಯಾಗಿ ಮಾಡಿ ಗಣಕಯಂತ್ರಕ್ಕೆ ಉಣಿಸಿದನು. ಒಟ್ಟು ಮನೆಗಳು ೩೦,೯೭೬. ಛಾಯಾಚಿತ್ರವೊಂದು ಅಂಕೆಗಳ ಕೋಷ್ಟಕವಾಗಿ ಗಣಕಯಂತ್ರದೊಳಗೆ ಹೊಕ್ಕುದು ಅದೇ ಮೊದಲು. ಪಿಕ್ಸೆಲ್ ಎಂಬ ಹೆಸರು ೧೯೬೫ರಲ್ಲಿ ಅಚ್ಚಿಗೆ ಬಂದಿತು. ಅದೇ ವರ್ಷ ಜ್ಯಾಕ್ ಬ್ರೆಸೆನ್‌ಹ್ಯಾಮನ ಗಣಿತವಿಧಾನವೂ ಪ್ರಕಟವಾಯಿತು. ಚೌಕಮನೆಗಳ ಮೇಲೆ ಓರೆಗೆರೆ ಎಳೆಯುವಾಗ ಯಾವ ಮನೆಯಿಂದ ಯಾವ ಮನೆಗೆ ಮೆಟ್ಟಿಲಿಳಿಯಬೇಕೆಂಬುದನ್ನು ಬರಿಯ ಕೂಡುವ ಕಳೆಯುವ ಲೆಕ್ಕದಿಂದ ತೀರ್ಮಾನಿಸುವ ವಿಧಾನವದು. ಮುರ್ಗಿಯ ಹೊಲಿಗೆ ಹಾಕಿದ ಅಜ್ಜಿಗೆ ಅದನ್ನು ವಿವರಿಸಿದರೆ, ಇದರಲ್ಲಿ ಹೊಸದೇನು ಎಂದು ಕೇಳಿಯಾಳು. ೧೯೭೩ರಲ್ಲಿ ರಿಚರ್ಡ್ ಶೂಪ್ ಎಂಬವನ ಯಂತ್ರವು ತೆರೆಯ ೬೪೦ಕ್ಕೆ ೪೮೦ ಮನೆಗಳಿಗೆ, ಅಂದರೆ ೩,೦೭,೨೦೦ ಮನೆಗಳಿಗೆ, ತನ್ನ ಸ್ಮೃತಿಯಲ್ಲಿ ಒಂದೊಂದು ಅಂಕೆಯ ಸ್ಥಳವನ್ನು ಕಾದಿರಿಸಿತು. ಅಂಕೆ ಬದಲಾದರೆ ತೆರೆಯ ಬಣ್ಣ ಬದಲಾಗುವುದು. ಇಲ್ಲಿಂದ ಮುಂದೆ ತೆರೆಯೆಂಬುದು ಎಂದಿಗೂ ಮುಗಿಯದ ಒಂದು ಜಮಖಾನೆಯಾಯಿತೆನ್ನಬಹುದು.

ಆದರೆ ಯಂತ್ರಕ್ಕೊಂದು ಬಗೆಯ ತೆರೆ, ತೆರೆಗೊಂದು ಬಗೆಯ ಆಜ್ಞೆ ಎಂದಾದರೆ ಚಿತ್ರ ಬರೆಯುವವನ ಪಾಡೇನು? ಈ ತೊಂದರೆಯ ಪರಿಹಾರಕ್ಕಾಗಿ ಸಿಲಿಕಾನ್ ಗ್ರಾಫಿಕ್ಸ್ ಎಂಬ ಸಂಸ್ಥೆಯು ೧೯೯೨ರಲ್ಲಿ ಓಪನ್ ಜಿಎಲ್ ಎಂಬ ಗ್ರಾಫಿಕ್ಸ್ ಲೈಬ್ರರಿಯನ್ನು ಹೊರಗೆಡಹಿತು. ಲೈಬ್ರರಿಯೆಂದರೆ ಇಲ್ಲಿ ಪುಸ್ತಕಗಳ ಭಂಡಾರವಲ್ಲ, ಸಿದ್ಧ ಆಜ್ಞೆಗಳ ಭಂಡಾರ. ಅದರಲ್ಲಿ 'ಡ್ರಾ ಪಿಕ್ಸೆಲ್ಸ್' ಎಂಬುದೊಂದು ಆಜ್ಞೆ. ಅಡ್ಡ ಎಷ್ಟು ಮನೆ, ಉದ್ದ ಎಷ್ಟು ಮನೆ, ಒಂದು ಮನೆಗೆ ಯಾವ ಯಾವ ಬಣ್ಣದ ಅಂಕೆಗಳು, ಅಂಕೆಯ ಗಾತ್ರವೆಷ್ಟು, ಅಂಕೆಗಳ ರಾಶಿ ಎಲ್ಲಿದೆ ಎಂಬ ಐದು ಮಾತುಗಳನ್ನು ಹೇಳಿದರೆ ಸಾಕು. ಚಿತ್ರವು ತೆರೆಯ ಮೇಲೆ ಬೀಳುವುದು. ಕೇಳುವುದಕ್ಕೆ ಸುಲಭ, ಆದರೆ ಇದನ್ನು ಕಲಿಯಹೊರಟವರು ಎಡವಿದ ಮೂರು ಕಲ್ಲುಗಳುಂಟು. ಆ ಮೂರೂ ಮಗ್ಗದವರಿಗೆ ಪರಿಚಿತವಾದುವೇ.

ಮೊದಲನೆಯದು ದಿಕ್ಕಿನದು. ನಾವು ಪುಟವನ್ನು ಮೇಲಿನಿಂದ ಕೆಳಗೆ ಓದುವೆವು. ಬಹುತೇಕ ಚಿತ್ರದ ಕಡತಗಳೂ ಮೇಲಿನ ಸಾಲಿನಿಂದಲೇ ಆರಂಭವಾಗುವವು. ಈ ಆಜ್ಞೆಯು ಮಾತ್ರ ಕೆಳಗಿನ ಎಡಮೂಲೆಯಿಂದ ಆರಂಭಿಸಿ ಮೇಲಕ್ಕೆ ಸಾಲು ಹಾಕುವುದು. ಇದನ್ನು ಅರಿಯದವನ ಚಿತ್ರವು ತಲೆಕೆಳಗಾಗಿ ಮೂಡುವುದು. ನೆಟ್ಟನೆಯ ಮಗ್ಗದಲ್ಲಿ ಕೆಳಗಿನಿಂದ ಮೇಲಕ್ಕೆ ಬಡಿದು ಕೂಡಿಸುತ್ತ ಹೋಗುವವರಿಗೆ ಇದೇ ಸಹಜವಾದ ಕ್ರಮವು. ನವಿಲಿನ ಕಾಲು ಮೊದಲು, ತುರಾಯಿ ಕಡೆಗೆ.

ಎರಡನೆಯದು ಆರಂಭದ ಸ್ಥಳದ್ದು. ಚಿತ್ರದ ಎಡಮೂಲೆಯ ಬಿಂದುವನ್ನು ಮುಂಚಿತವಾಗಿ ಗೊತ್ತುಮಾಡಬೇಕು. ಆ ಬಿಂದುವು ತೆರೆಯ ಎಲ್ಲೆಯಿಂದ ಹೊರಗೆ ಬಿದ್ದರೆ, ಉಳಿದ ಚಿತ್ರವೆಲ್ಲವೂ ಒಳಗೆ ಬರುವಂತಿದ್ದರೂ ಒಂದು ಮನೆಯೂ ಮೂಡದು. ಮೊದಲಿನ ಎಳೆ ನಿಲ್ಲದಿದ್ದರೆ ಜಮಖಾನೆಯೇ ಇಲ್ಲ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಒಂದು ಚಿಕ್ಕ ಉದಾಹರಣೆಯಿಂದ ಅದನ್ನು ತಿಳಿಯೋಣ. ಅಡ್ಡ ೭, ಉದ್ದ ೭ ಮನೆಗಳ ಒಂದು ಕಟ್ಟಿನಲ್ಲಿ ಜಮಖಾನೆಯ ವಜ್ರಾಕೃತಿಯನ್ನು ತುಂಬಬೇಕಾಗಿದೆ. ಸಾಲಿಗೆ ಕ್ರಮವಾಗಿ ೧, ೩, ೫, ೭, ೫, ೩, ೧ ಮನೆಗಳು ಕೆಂಪು. ಒಟ್ಟು ೪೯ರಲ್ಲಿ ೨೫. ತೆರೆಯ ಬಣ್ಣವು ಕೆಂಪು, ಹಸಿರು, ನೀಲಿಗಳ ಬೆರಕೆಯಾದುದರಿಂದ ಒಂದು ಮನೆಗೆ ೩ ಅಂಕೆಗಳು ಬೇಕು. ಅಂದಮೇಲೆ ಒಂದು ಸಾಲಿಗೆ ೨೧ ಅಂಕೆಗಳು. ಆದರೆ ಈ ಲೈಬ್ರರಿಯು, ಬೇರೆ ಹೇಳದಿದ್ದರೆ, ಪ್ರತಿಯೊಂದು ಸಾಲೂ ೪ರ ಮಗ್ಗಿಯಲ್ಲಿ ಆರಂಭವಾಗುವುದೆಂದು ಭಾವಿಸುವುದು. ೨೧ ಆ ಮಗ್ಗಿಯಲ್ಲಿಲ್ಲ, ೨೪ ಇದೆ. ಆದುದರಿಂದ ಯಂತ್ರವು ಒಂದು ಸಾಲು ಮುಗಿದಮೇಲೆ ೩ ಅಂಕೆಗಳನ್ನು, ಅಂದರೆ ಸರಿಯಾಗಿ ಒಂದು ಮನೆಯನ್ನು, ಹಾರಿ ಮುಂದಿನ ಸಾಲಿಗೆ ತೊಡಗುವುದು. ಎರಡನೆಯ ಸಾಲು ಒಂದು ಮನೆಯಷ್ಟು ಸರಿಯುವುದು, ಮೂರನೆಯದು ಎರಡು, ನಾಲ್ಕನೆಯದು ಮೂರು. ವಜ್ರಾಕೃತಿಯು ವಾಲಿ, ಹರಿದು, ಗುರುತು ಸಿಗದಂತಾಗುವುದು. ಅಂಕೆಗಳಲ್ಲಿ ಒಂದೂ ತಪ್ಪಿಲ್ಲ, ಬಣ್ಣದಲ್ಲಿ ದೋಷವಿಲ್ಲ, ಸಾಲಿನ ಅಳತೆಯ ಬಗ್ಗೆ ಬರೆದವನಿಗೂ ಓದುವ ಯಂತ್ರಕ್ಕೂ ಒಪ್ಪಂದವಿಲ್ಲದಿರುವುದೊಂದೇ ದೋಷ. ಸಾಲನ್ನು ಒಂದೊಂದೇ ಅಂಕೆಯ ಲೆಕ್ಕದಲ್ಲಿ ಓದೆಂದು ಮೊದಲೇ ಆಜ್ಞಾಪಿಸಿದರೆ, ಅಥವಾ ಸಾಲಿನ ಕೊನೆಗೆ ೩ ಬರಿಯ ಅಂಕೆಗಳನ್ನು ಸೇರಿಸಿ ೨೪ ಮಾಡಿದರೆ, ವಜ್ರವು ನೆಟ್ಟಗೆ ನಿಲ್ಲುವುದು. ಮಗ್ಗದಲ್ಲಿಯೂ ಸಾಲಿಗೊಂದು ಎಳೆಯ ಎಣಿಕೆ ತಪ್ಪಿದರೆ ಆಗುವುದು ಇದೇ ಅನರ್ಥವು. ಚಿತ್ರವೆಂಬುದು ಬಣ್ಣದಲ್ಲಿ ಮಾತ್ರ ಇಲ್ಲ, ಬಣ್ಣವನ್ನು ಎಣಿಸುವ ಕ್ರಮದಲ್ಲಿದೆ.

ಈ 'ಡ್ರಾ ಪಿಕ್ಸೆಲ್ಸ್' ಆಜ್ಞೆಯ ಅಂತ್ಯವೂ ಬೋಧಪ್ರದವಾಗಿದೆ. ೨೦೦೮ರಲ್ಲಿ ಅದನ್ನು ಹಳೆಯದೆಂದು ಸಾರಿದರು. ೨೦೦೯ರ ಆವೃತ್ತಿಯಲ್ಲಿ ಮುಖ್ಯ ಭಂಡಾರದಿಂದ ತೆಗೆದುಹಾಕಿದರು. ಕಾರಣವೇನೆಂದರೆ, ಆ ಆಜ್ಞೆಯಲ್ಲಿ ಚಿತ್ರವನ್ನು ತೋರಿಸಬೇಕಾದಾಗಲೊಮ್ಮೆ ಅಂಕೆಗಳ ರಾಶಿಯನ್ನೆಲ್ಲ ಯಂತ್ರದ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೊರಿಸಬೇಕಾಗುತ್ತಿತ್ತು. ಈಗಿನ ಪದ್ಧತಿಯು ಬೇರೆ. ಚಿತ್ರವನ್ನು ಒಮ್ಮೆ ಮಾತ್ರ ಚಿತ್ರಯಂತ್ರದ ಸ್ವಂತ ಸ್ಮೃತಿಗೆ ಒಪ್ಪಿಸಿ, ಬಳಿಕ ಬೇಕಾದ ಮೈಮೇಲೆ ಬೇಕಾದಷ್ಟು ಸಲ ಹಾಸುವರು. ಇದಕ್ಕೆ ಟೆಕ್ಸ್‌ಚರ್ ಎಂದು ಹೆಸರು. ಈ ಪದದ ಮೂಲವೂ ನೇಯ್ಗೆಯೆಂಬ ಅರ್ಥದ ಲ್ಯಾಟಿನ್ ಧಾತುವೇ. ಹಳೆಯ ಆಜ್ಞೆಯು ಬೀಗರು ಬಂದಾಗಲೊಮ್ಮೆ ಅವರನ್ನು ನಿಲ್ಲಿಸಿ ಜಮಖಾನೆಯನ್ನು ಹೊಸದಾಗಿ ನೇಯ್ದಂತೆ. ಹೊಸ ಪದ್ಧತಿಯು ಒಮ್ಮೆ ನೇಯ್ದುದನ್ನು ಸುತ್ತಿಟ್ಟು ಬೇಕಾದಾಗ ಹಾಸಿದಂತೆ. ಯಂತ್ರದವರು ಹದಿನೇಳು ವರ್ಷಗಳಲ್ಲಿ ತಲುಪಿದ ತೀರ್ಮಾನವು ನಮ್ಮ ಅಡ್ಡಣಿಗೆಯ ಮೇಲೆ ಸುತ್ತಿಟ್ಟ ಜಮಖಾನೆಯಲ್ಲಿ ಮೊದಲೇ ಇದ್ದಿತು.

ಇಷ್ಟು ಹೇಳಿ, ಎಲ್ಲವೂ ನಮ್ಮಲ್ಲಿ ಮೊದಲೇ ಇದ್ದಿತೆಂದು ಮೀಸೆ ತಿರುವುವುದು ನಮ್ಮ ಉದ್ದೇಶವಲ್ಲ. ಯಂತ್ರದವರಿಗೂ ನಮಗೂ ಒಂದು ದೊಡ್ಡ ಅಂತರವಿದೆ. ಅವರು ಎಣಿಕೆಯನ್ನು ಬರೆದಿಟ್ಟರು, ನಾವು ಬರೆದಿಡಲಿಲ್ಲ. ಜಾಕಾರ್ಡನ ಹಾಳೆಗಳು ಅವನ ಬಳಿಕವೂ ಉಳಿದವು. ಕರ್ಶನ ೩೦,೯೭೬ ಅಂಕೆಗಳ ಚಿತ್ರವನ್ನು ಇಂದಿಗೂ ನೋಡಬಹುದು. ನವಲಗುಂದದ ಎಣಿಕೆಯು ಮಾತ್ರ ನೇಯುವ ತಾಯಂದಿರ ನೆನಪಿನಲ್ಲಿದೆ; ಮಗ್ಗದ ಮುಂದೆ ಕೂಡ್ರುವವರೋ ಈಗ ಕೆಲವೇ ಮಂದಿ. ಹೆಣ್ಣುಮಗಳು ಮದುವೆಯಾಗಿ ಹೋದಲ್ಲಿ ಗುಟ್ಟು ಹೊರಗಾದೀತೆಂದು ಹಿಂದೆ ಮಗಳಿಗೆ ಈ ವಿದ್ಯೆಯನ್ನು ಕಲಿಸದೆ ಸೊಸೆಗೆ ಮಾತ್ರ ಕಲಿಸುತ್ತಿದ್ದರೆಂದು ಹೇಳುವರು. ಯಾವ ಗುಟ್ಟು ಮನೆತನದ ಅನ್ನವನ್ನು ಕಾಯಿತೋ ಅದೇ ಗುಟ್ಟು ವಿದ್ಯೆಯ ಹರವನ್ನು ಕುಗ್ಗಿಸಿತು. ಇದನ್ನು ಅವರ ಸಂಕುಚಿತತೆಯೆಂದು ಹಳಿಯುವುದು ಸುಲಭ. ಆದರೆ ಕೈಕೆಲಸವೊಂದೇ ಆಸ್ತಿಯಾದವರು ಅದಕ್ಕೆ ಬೀಗ ಹಾಕಿದರೆ ತಪ್ಪೆನ್ನಲು ನಾವಾರು?

ಛಾಯಾಚಿತ್ರ ತೆಗೆದಿಟ್ಟರೆ ಸಾಲದೆ ಎಂದು ಕೆಲವರು ಕೇಳಬಹುದು. ಸಾಲದು. ಇಂದಿನ ಸಾಮಾನ್ಯ ಛಾಯಾಯಂತ್ರವು ಒಂದು ಜಮಖಾನೆಯನ್ನು ೧,೨೦,೦೦,೦೦೦ ಚುಕ್ಕೆಗಳಾಗಿ ಹಿಡಿದೀತು. ಆದರೆ ಅದರ ಚುಕ್ಕೆಗೂ ನೇಕಾರಳ ಮನೆಗೂ ಹೊಂದಿಕೆಯಿಲ್ಲ. ಎಲ್ಲಿ ಒಂದು ಮನೆ ಮುಗಿದು ಇನ್ನೊಂದು ತೊಡಗಿತು, ಮನೆಗೆ ಎಷ್ಟು ಎಳೆ, ಯಾವ ಬಣ್ಣ ಮೊದಲು ಎಂಬುದನ್ನು ಅದು ಹೇಳದು. ಅದಕ್ಕೆ ಬದಲಾಗಿ ಅಡ್ಡ ೬೦, ಉದ್ದ ೯೦ ಮನೆಗಳ ಒಂದು ಆಕೃತಿಯನ್ನು ಮನೆಗೊಂದು ಅಂಕೆಯಂತೆ ಬರೆದರೆ ೫,೪೦೦ ಅಂಕೆಗಳಾಗುವವು. ಈ ಪತ್ರಿಕೆಯ ಕೆಲವು ಪುಟಗಳಲ್ಲಿ ಅದು ಅಡಗೀತು. ಆ ಕೆಲವು ಪುಟಗಳಿಂದ ಮತ್ತೆ ಜಮಖಾನೆಯನ್ನು ನೇಯಬಹುದು; ಕೋಟಿ ಚುಕ್ಕೆಗಳ ಛಾಯೆಯಿಂದ ಅದು ಅಷ್ಟು ಸುಲಭವಲ್ಲ.

ಆದರೆ ಇಲ್ಲಿಯೇ ಧರ್ಮಸಂಕಟವು. ಬರೆದಿಟ್ಟ ಅಂಕೆಗಳನ್ನು ಯಾರೂ ನಕಲು ಮಾಡಬಹುದು. ದೂರದ ಊರಿನ ವಿದ್ಯುತ್ ಮಗ್ಗವು ಆ ೫,೪೦೦ ಅಂಕೆಗಳನ್ನು ನುಂಗಿ ಹಗಲಿರುಳು ನವಿಲುಗಳನ್ನು ಉಗುಳತೊಡಗಿದರೆ ನವಲಗುಂದದ ತಾಯಿಗೆ ಉಳಿಯುವುದೇನು? ೧೯೯೯ರಲ್ಲಿ ಮಾಡಿ ೨೦೦೩ರಲ್ಲಿ ಜಾರಿಗೆ ಬಂದ ಭೌಗೋಳಿಕ ಗುರುತುಗಳ ಕಾಯಿದೆಯ ಕೆಳಗೆ ನವಲಗುಂದದ ಜಮಖಾನೆಯೂ ಕಸೂತಿಯೂ ನೋಂದಣಿಯಾಗಿವೆ; ಅದು ಸಂತೋಷದ ಸಂಗತಿ. ಆದರೆ ಆ ಕಾಯಿದೆಯು ಮುಖ್ಯವಾಗಿ ಹೆಸರನ್ನು ಕಾಯುವುದು. ಬೇರೆ ಹೆಸರಿನಿಂದ ಅದೇ ನವಿಲನ್ನು ನೇಯ್ದು ಮಾರುವವನನ್ನು ತಡೆಯುವಷ್ಟು ಉದ್ದವಾದ ಕೈ ಅದಕ್ಕಿಲ್ಲ.

ಹೀಗಿರುವಾಗ ಬರೆಯದಿದ್ದರೆ ವಿದ್ಯೆ ಅಳಿಯುವುದು. ಬರೆದರೆ ಅನ್ನ ಅಳಿಯಬಹುದು. ಈ ಎರಡರ ನಡುವೆ ದಾರಿಯೊಂದಿದೆಯೆಂದು ನಾವು ನಂಬುವೆವು. ನಮ್ಮಂಥ ಜಿಲ್ಲಾ ಸಂಘಗಳು ಅಂಕೆಗಳನ್ನು ಸಂಗ್ರಹಿಸಹೊರಟರೆ, ಮೊದಲು ನೇಯುವವರ ಒಪ್ಪಿಗೆಯನ್ನು ಪಡೆಯಬೇಕು. ಎಣಿಕೆ ಹೇಳಿಕೊಟ್ಟವರಿಗೆ ಪಂಡಿತರಿಗೆ ಕೊಡುವಂತೆಯೇ ಗೌರವಧನವನ್ನು ಕೊಡಬೇಕು. ಎಣಿಕೆಯ ಪುಸ್ತಕದ ಒಡೆತನವು ಆ ಮನೆತನಗಳಲ್ಲಿಯೇ ಉಳಿಯಬೇಕು. ಅದನ್ನು ಅಚ್ಚಿಗೆ ಹಾಕುವುದೋ ಪೆಟ್ಟಿಗೆಯಲ್ಲಿ ಇಡುವುದೋ ಎಂಬುದನ್ನು ಅವರೇ ನಿರ್ಧರಿಸಬೇಕು. ಶಾಲೆಯಲ್ಲಿ ಗಣಕಯಂತ್ರ ಕಲಿಯುವ ನವಲಗುಂದ, ಅಣ್ಣಿಗೇರಿ, ಕಲಘಟಗಿಗಳ ಮಕ್ಕಳಿಗೆ ಮೊದಲ ಪಾಠವಾಗಿ ಏಳರ ವಜ್ರಾಕೃತಿಯನ್ನು ಕೊಟ್ಟರೆ, ಪಿಕ್ಸೆಲ್ ಎಂಬುದು ಹೊರಗಿನಿಂದ ಬಂದ ಮಾಯೆಯೆಂಬ ಭಾವನೆ ಅಳಿದು, ಅಜ್ಜಿಯ ಎಣಿಕೆಯೂ ಗಣಿತವೇ ಎಂಬ ಅರಿವು ಮೂಡೀತು. ಆ ಮಕ್ಕಳಲ್ಲಿ ಒಬ್ಬಳಾದರೂ ಮಗ್ಗದ ಬಳಿಗೆ ಹೋಗಿ, ಈ ಮನೆಗೆ ಎಷ್ಟು ಎಳೆ ಎಂದು ಕೇಳಿದರೆ ನಮ್ಮ ಶ್ರಮವು ಸಾರ್ಥಕವು.

ಮುಂದೆ ಎಂದಾದರೂ ವಾಚಕರು ಜಮಖಾನೆಯ ಮೇಲೆ ಕುಳಿತಾಗ ಒಂದು ಕ್ಷಣ ಕೆಳಗೆ ನೋಡಿ ಒಂದು ಸಾಲಿನ ಮನೆಗಳನ್ನು ಎಣಿಸಲೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುವೆವು. ಎಣಿಸುವಾಗ ನಡುವೆ ಒಂದೆರಡು ಸಲ ತಪ್ಪುವುದು ಸಹಜ. ನೇಯ್ದವಳು ತಪ್ಪಲಿಲ್ಲವೆಂಬುದು ಆಗ ತಾನಾಗಿ ಮನವರಿಕೆಯಾಗುವುದು.